ಕೊಬ್ಬುಶಾಸನ ಮೀಮಾಂಸೆ

ಮಂಗಳಾಚರಣೆ ಮತ್ತು ಅನುಬಂಧ ಚತುಷ್ಟಯ

ಗ್ರಂಥ ನಿರ್ವಿಘ್ನವಾಗಿ ಮುಗಿಯಲೆಂದು ಮೊದಲು ಗಣಪತಿಯನ್ನು ನೆನೆಯುವುದು ಶಾಸ್ತ್ರಕಾರರ ಪದ್ಧತಿ. ಬೊಜ್ಜು ತಡೆಯುವ ಕಾಯ್ದೆಗಳನ್ನು ಕುರಿತ ಗ್ರಂಥಕ್ಕೆ ಇದರಿಂದ ಶುರುವಿನಲ್ಲೇ ಇಕ್ಕಟ್ಟು. ಡೊಳ್ಳುಹೊಟ್ಟೆ, ಕೈಯಲ್ಲಿ ಕಡುಬು, ಜಗತ್ತು ಸುತ್ತಿ ಬಾ ಎಂದರೆ ಅಪ್ಪ ಅಮ್ಮನನ್ನು ಸುತ್ತಿ ಬಂದು ಬಹುಮಾನ ಹೊಡೆದ ಇತಿಹಾಸ. ಆರೋಗ್ಯ ಇಲಾಖೆಯ ಯಾವ ಭಿತ್ತಿಪತ್ರಕ್ಕೂ ಆತ ಒಗ್ಗುವವನಲ್ಲ. ಹೊಟ್ಟೆ ಬಿರಿದ ಮೇಲೂ ಊಟ ಕಡಿಮೆ ಮಾಡದೆ ಹಾವು ಸುತ್ತಿಕೊಂಡವನು. ಆದ್ದರಿಂದ ಅವನ ಕ್ಷಮೆಯನ್ನಷ್ಟೇ ಕೇಳಿಕೊಂಡು ಮುಂದಕ್ಕೆ ಹೋಗುತ್ತೇನೆ.

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧ ಇರಲೇಬೇಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಅಧಿಕಾರಿ ನಾನೇ, ಸೊಂಟ 104 ಸೆಂಟಿಮೀಟರ್. ಜಪಾನಿನಲ್ಲಿ 2008ರಿಂದ ಒಂದು ಕಟ್ಟಳೆಯಿದೆ. 40ರಿಂದ 74 ವರ್ಷದವರ ಸೊಂಟವನ್ನು ವರ್ಷಕ್ಕೊಮ್ಮೆ ಅಳೆಯಬೇಕು. ಗಂಡಸಿನದು 85, ಹೆಂಗಸಿನದು 90 ಸೆಂಟಿಮೀಟರ್ ಮುಟ್ಟಿ, ಜೊತೆಗೆ ಬಿಪಿ ಸಕ್ಕರೆಗಳೂ ಕೈಜೋಡಿಸಿದ್ದರೆ ಕೂರಿಸಿಕೊಂಡು ಬುದ್ಧಿ ಹೇಳಬೇಕು. ಆ ಲೆಕ್ಕದಲ್ಲಿ ನನ್ನೊಳಗೆ ಕಾನೂನುಬದ್ಧ ಜಪಾನಿಯೊಬ್ಬನಿದ್ದು, ಅವನ ಸುತ್ತ 19 ಸೆಂಟಿಮೀಟರ್ ಒತ್ತುವರಿಯಾಗಿದೆ. ನಮ್ಮಲ್ಲಿ ಇಂಥದ್ದಕ್ಕೆ ಅಕ್ರಮ-ಸಕ್ರಮದಲ್ಲಿ ಅರ್ಜಿ ಹಾಕಲು ಅವಕಾಶವಿರಬೇಕಿತ್ತು. ವಿಷಯ: ಕಾಯ್ದೆಯಿಂದ ಹೊಟ್ಟೆ ಇಳಿಯುತ್ತದೆಯೇ. ಸಂಬಂಧ: ಬೆಲ್ಟಿನ ಕೊನೆಯ ತೂತು. ಪ್ರಯೋಜನವನ್ನು ಗ್ರಂಥದ ಕೊನೆಗೆ ಕಾಯ್ದಿರಿಸಿದೆ.

ನಿರುಕ್ತ

ಕನ್ನಡದಲ್ಲಿ ಕೊಬ್ಬು ಎಂಬ ಶಬ್ದಕ್ಕೆ ಎರಡು ಅರ್ಥ, ಒಂದು ಮೈಯದು, ಒಂದು ಮಾತಿನದು. ಎರಡನೆಯದನ್ನು ಇಳಿಸುವುದರಲ್ಲಿ ನಮ್ಮ ಪೊಲೀಸ್ ಠಾಣೆಗಳಿಗೆ ಹಳೆಯ ಅನುಭವವಿದೆ. ಮೊದಲನೆಯದನ್ನು ಇಳಿಸುವ ಹೊಣೆಯನ್ನು ಸರ್ಕಾರ ಅವರಿಗೆ ಇನ್ನೂ ವಹಿಸಿಲ್ಲ; ವಹಿಸಿದರೆ ಎಲ್ಲಿಂದ ಶುರು ಮಾಡಬೇಕಾಗುತ್ತದೆಂದು ಅವರಿಗೂ ಗೊತ್ತು. ಬೊಜ್ಜು ಎಂಬುದು ಇನ್ನೂ ಅಪಾಯದ ಶಬ್ದ. ತುಳುವಿನಲ್ಲಿ ಬೊಜ್ಜ ಎಂದರೆ ಉತ್ತರಕ್ರಿಯೆ. ಡಾಕ್ಟರು ಅರ್ಧ ಗಂಟೆ ವಿವರಿಸುವುದನ್ನು ನೆರೆಭಾಷೆ ಒಂದು ಕೊಂಬು ತೆಗೆದು ಹೇಳಿ ಮುಗಿಸಿತು.

ಇದಕ್ಕೆ ಎದುರಾಗಿ ಲೋಕರೂಢಿಯೊಂದಿದೆ. ಆರು ತಿಂಗಳು ಬೆವರು ಸುರಿಸಿ ಐದು ಕೆಜಿ ಇಳಿಸಿ ಊರಿಗೆ ಹೋಗಿ ನೋಡಿ. ಕಟ್ಟೆ ಮೇಲಿದ್ದವರು ಮೊದಲು ಕೇಳುವುದು, “ಯಾಕಪ್ಪ ಹಿಂಗ್ ಸೊರಗಿಬಿಟ್ಟಿದೀಯ, ಸಕ್ಕರೆ ಕಾಯಿಲೆನಾ?” ಆರು ಕೆಜಿ ಏರಿಸಿಕೊಂಡು ಹೋದವನಿಗೆ, “ಈಗ ನೋಡು, ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ.” ಹೀಗೆ ಭಾಷೆಯೇ ಆರೋಪಿಯ ಪರ ವಕಾಲತ್ತು ಹಾಕಿರುವ ಮೊಕದ್ದಮೆಯಲ್ಲಿ ಸರ್ಕಾರ ಗೆಲ್ಲುವುದೆಂತು? ಇದು ಪೂರ್ವಪಕ್ಷ. ಉತ್ತರ ಹುಡುಕಿಕೊಂಡು ಚಳ್ಳಕೆರೆ ತಾಲ್ಲೂಕಿನ ನನ್ನಿವಾಳಕ್ಕೆ ಹೋಗಬೇಕೆಂದು ನಾನು ತೀರ್ಮಾನಿಸಿದ್ದಕ್ಕೆ ಕಾರಣ ಆ ಹೆಸರು. ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ. ತೂಕದ ಯಂತ್ರದ ಮೇಲೆ ನಿಂತವನಿಗೆ ಅಗತ್ಯವಾದದ್ದೂ, ನಿಂತವರಲ್ಲಿ ಸಾಮಾನ್ಯವಾಗಿ ಕಾಣದ್ದೂ ಅದೇ. ಭಾಷಾವಿಜ್ಞಾನಿಗಳು ಈ ವ್ಯುತ್ಪತ್ತಿಯನ್ನು ಕಂಡು ನಗಬಹುದು. ನಕ್ಕರೆ ಹೊಟ್ಟೆಗೆ ವ್ಯಾಯಾಮ.

ಶಿಲಾಪ್ರಮಾಣ

ಈ ಸೀಮೆಗೆ ಸರ್ಕಾರಿ ಆದೇಶ ಹೊಸದೇನಲ್ಲ. ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಅಶೋಕ ಸುತ್ತೋಲೆ ಕೆತ್ತಿಸಿದ್ದಾನೆ. 1892ರಲ್ಲಿ ಬಿ.ಎಲ್. ರೈಸ್ ಬಂದು ಓದುವವರೆಗೆ ಅದು ಅಲ್ಲೇ ಬಿದ್ದಿತ್ತು. ಸುತ್ತೋಲೆಗೂ ಜಾರಿಗೂ ನಡುವಿನ ಅಂತರಕ್ಕೆ ನಮ್ಮಲ್ಲಿ ಇದೇ ಅತಿ ಹಳೆಯ ದಾಖಲೆ. ಅಪ್ಪ ಅಮ್ಮನ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ ಎಂದು ಅದರ ತಾತ್ಪರ್ಯ. ನನ್ನಿ ಇಲ್ಲೂ ಬಂತು, ಗಮನಿಸಿ.

ಅಡುಗೆಮನೆಯ ಸುತ್ತೋಲೆ ಮಾತ್ರ ಬೇಕಿದ್ದರೆ ಗಡಿ ದಾಟಿ ಆಂಧ್ರದ ಎರ್ರಗುಡಿಗೆ ಹೋಗಬೇಕು. ಅಲ್ಲಿರುವ ಹದಿನಾಲ್ಕು ಬಂಡೆಶಾಸನಗಳಲ್ಲಿ ಮೊದಲನೆಯದೇ ಊಟದ್ದು. ಅರಮನೆಯಲ್ಲಿ ಹಿಂದೆಲ್ಲ ಸಾರಿಗಾಗಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಕಡಿಯುತ್ತಿದ್ದರಂತೆ. ಶಾಸನ ಬರೆಸುವ ಹೊತ್ತಿಗೆ ಅದು ಮೂರಕ್ಕೆ ಇಳಿದಿತ್ತು: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ. ಮುಂದೆ ಈ ಮೂರೂ ಬಂದ್ ಎಂದು ಚಕ್ರವರ್ತಿಯ ಮಾತು. ಜನ ಸೇರಿ ಗದ್ದಲ ಮಾಡುವ ಕೂಟಗಳೂ ಬೇಡ ಎಂದು ಅದೇ ಉಸಿರಿನಲ್ಲಿ ಹೇಳಿದ್ದಾನೆ, ಅಂದರೆ ಬೀಗರೂಟಕ್ಕೂ ಕತ್ತರಿ.

ಈಗ ಎಫ್‌ಎಸ್‌ಎಸ್‌ಎಐ, ಅಂದರೆ ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಏನು ಮಾಡಿತು ನೋಡಿ. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 5 ಇರಬಹುದಾಗಿತ್ತು. 2021ರಲ್ಲಿ ಅದನ್ನು 3ಕ್ಕೆ ಇಳಿಸಿದರು, 2022ರಲ್ಲಿ 2ಕ್ಕೆ. ಲಕ್ಷದಿಂದ ಮೂರು, ಮೂರರಿಂದ ಸೊನ್ನೆ ಎಂಬ ಮೌರ್ಯ ವಿಧಾನದ ಮುಂದುವರಿಕೆ ಇದೆಂಬುದರಲ್ಲಿ ನನಗೆ ಸಂಶಯವಿಲ್ಲ. ಶಾಸನದ ಪರಿಭಾಷೆಯಲ್ಲಿ ಹೇಳುವುದಾದರೆ, ದೇಶ ಈಗ ಜಿಂಕೆ ಬಿಟ್ಟು ಎರಡು ನವಿಲಿನ ಹಂತದಲ್ಲಿ ನಿಂತಿದೆ. ಹಾಸ್ಯ ಬದಿಗಿಟ್ಟು ಹೇಳುತ್ತೇನೆ, ನಮ್ಮ ಊಟದ ಕಾಯ್ದೆಗಳಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಇದೊಂದೇ ಇರಬೇಕು. ಏಕೆಂದರೆ ಇದು ತಿನ್ನುವವನನ್ನು ಮಾತಾಡಿಸಲಿಲ್ಲ. ಕಾರ್ಖಾನೆಯ ಬಾಗಿಲಲ್ಲೇ ಕೆಲಸ ಮುಗಿಸಿತು.

ಬ್ರಹ್ಮಗಿರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಾಸನ ಬರೆದ ಲಿಪಿಕಾರನ ಹೆಸರು ಚಪಡ. ಬರಹವೆಲ್ಲ ಬ್ರಾಹ್ಮೀಲಿಪಿಯಲ್ಲಿ ಮಾಡಿ, ಕೊನೆಯಲ್ಲಿ ತಾನು ಲಿಪಿಕಾರನೆಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಗೀಚಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನ ಕುರಿ ಕಾಯುವವನಿಗೆ ಅದರ ಗಂಧಗಾಳಿ ಇದ್ದೀತೇ? ಸ್ಥಳೀಯರಿಗೆ ಓದಲಾಗದ ಅಕ್ಷರದಲ್ಲಿ ಮುಖ್ಯ ವಿವರವನ್ನು ಮೂಲೆಯಲ್ಲಿ ಬರೆದಿಡುವ ಕಲೆಗೆ ಈ ಚಪಡನೇ ಮೂಲಪುರುಷ. ಇವತ್ತಿನ ಪ್ಯಾಕೆಟ್ಟುಗಳ ಬೆನ್ನು ನೋಡಿ. ಲೇಬಲ್ಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಬೇಕು ಎನ್ನುತ್ತದೆ ನಿಯಮ. ಬೇಕಿದ್ದರೆ ಜೊತೆಗೆ ಬೇರೆ ಭಾಷೆಯೂ ಇರಬಹುದು. ಕನ್ನಡ ಆ ‘ಬೇಕಿದ್ದರೆ’ಯ ಪೈಕಿ. ರುಚಿ ಹೆಚ್ಚಿಸುವ 627, 631 ಎಂಬ ಅಂಕಿಗಳನ್ನು ಕಂಡು ನಮ್ಮೂರಿನವರೊಬ್ಬರು ಅವನ್ನು ಬಸ್ ನಂಬರ್ ಎಂದುಕೊಂಡಿದ್ದರು.

ಕಟ್ಟೆಮನೆ ಕಾಂಡ

ನನ್ನಿವಾಳ ಮ್ಯಾಸಬೇಡ ಬುಡಕಟ್ಟಿನ ಕಟ್ಟೆಮನೆಯ ಊರು. ಕಟ್ಟೆಮನೆ ಎಂದರೆ ಕುಲದ ಕಟ್ಟುಕಟ್ಟಳೆಗಳನ್ನು ಕಾಯುವ, ತಪ್ಪಿದವರನ್ನು ಕೂರಿಸಿ ಕೇಳುವ, ದಂಡ ಹಾಕುವ ಜಾಗ. ಬೀದಿಯಲ್ಲಿ ಫಲಕವಿಲ್ಲ, ವೆಬ್‌ಸೈಟಿಲ್ಲ, ಸಹಾಯವಾಣಿಯೂ ಇಲ್ಲ. ಆದರೂ ಆಹಾರ ನಿಯಂತ್ರಣದಲ್ಲಿ ಅದರ ಅನುಭವ ದೆಹಲಿಯ ಪ್ರಾಧಿಕಾರಕ್ಕಿಂತ ಎಷ್ಟೋ ತಲೆಮಾರು ಹಳೆಯದು. 2006ರ ಆಹಾರ ಸುರಕ್ಷತಾ ಕಾಯ್ದೆ ಹುಟ್ಟುವ ಹೊತ್ತಿಗೆ ಕಟ್ಟೆಮನೆಯ ಕಾಯ್ದೆ ಮುದಿಯಾಗಿ ಹೋಗಿತ್ತು.

ಅದರ ಕಲಮುಗಳು ಚಿಕ್ಕವು. ಕೋಳಿ ತಿನ್ನುವಂತಿಲ್ಲ. ಹಂದಿ ತಿನ್ನುವಂತಿಲ್ಲ. ಹೆಂಡ ಮುಟ್ಟುವಂತಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನು ಪ್ರಬಂಧ ಬರೆಯುತ್ತಿರಲಿಲ್ಲ. ಹೆಂಡ ಕೊಡುವ ಈಚಲು ಮರವೂ ದೂರ, ಈಚಲ ಗರಿಯ ಚಾಪೆಯ ಮೇಲೆ ಕೂರುವುದೂ ಸಲ್ಲ ಎಂದು ಹಿಂದಿನವರು ಕಟ್ಟು ಮಾಡಿದ್ದರು. ವಿದ್ವಾಂಸರು ಇದನ್ನು ‘ನಿಷೇಧ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕಾನೂನಿನ ಕಣ್ಣಿನಿಂದ ನೋಡಿದರೆ ಇದರ ಸೊಗಸು ಬೇರೆ. ಇವತ್ತು ಮದ್ಯದ ಜಾಹೀರಾತು ನಿಷೇಧಿಸಿದರೆ ಅದೇ ಹೆಸರಿನ ಸೋಡಾ, ಅದೇ ಹೆಸರಿನ ನೀರು, ಅದೇ ಹೆಸರಿನ ಸಂಗೀತದ ಸಿಡಿ ಟೀವಿಯಲ್ಲಿ ಕುಣಿಯುತ್ತವೆ. ಹೆಂಡ ಬೇಡ ಎಂದ ಮೇಲೆ ಹೆಂಡವನ್ನು ನೆನಪಿಸುವ ಚಾಪೆಯೂ ಬೇಡ ಎಂದವರು ಈ ಬಾಡಿಗೆ ಜಾಹೀರಾತಿನ ಹುನ್ನಾರವನ್ನು ಟೀವಿ ಹುಟ್ಟುವ ಮೊದಲೇ ಹಿಡಿದುಹಾಕಿದ್ದರು. ಚಿಲಿ ದೇಶ 2016ರಲ್ಲಿ ಸಕ್ಕರೆ ಹೆಚ್ಚಿರುವ ತಿಂಡಿಯ ಡಬ್ಬಿ ಮೇಲಿಂದ ಹುಲಿ, ಮೊಲದ ಕಾರ್ಟೂನುಗಳನ್ನು ಕಿತ್ತು ಹಾಕಿ, ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿಸಿತೆಂದು ಜಗತ್ತೇ ಹೊಗಳಿತು. ಅದು ಈಚಲ ಚಾಪೆಯ ನ್ಯಾಯವೇ. ನಮ್ಮವರು ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಲೇಖನ ಬರೆಯಲಿಲ್ಲ, ಅಷ್ಟೇ.

ದಂಡದ ವಿಚಾರಕ್ಕೆ ಬಂದರೆ, ಮೈಸೂರು ಸೀಮೆಯ ಹಲವು ಕುಲಗಳಲ್ಲಿ ತಿನ್ನಬಾರದ್ದನ್ನು ತಿಂದವನನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವಾಗ ಕಾಸಿದ ಚಿನ್ನದ ಚೂರನ್ನು ನಾಲಿಗೆಗೆ ಸೋಕಿಸುತ್ತಿದ್ದರೆಂದು ಹಳೆಯ ಕುಲವಿವರಗಳು ಹೇಳುತ್ತವೆ. ಎಚ್ಚರಿಕೆಯ ಮುದ್ರೆ ಪ್ಯಾಕೆಟ್ಟಿನ ಮುಂಭಾಗದಲ್ಲಿರಬೇಕೋ ಹಿಂಭಾಗದಲ್ಲಿರಬೇಕೋ ಎಂದು ದೆಹಲಿಯಲ್ಲಿ ವರ್ಷಗಟ್ಟಲೆ ಸಮಿತಿ ಕೂತಿದೆ. 2022ರಲ್ಲಿ ನಕ್ಷತ್ರ ಕೊಡುವ ಕರಡೊಂದು ಬಂತು, ಸಿನಿಮಾಕ್ಕೆ ಕೊಟ್ಟಂತೆ. ಮುದ್ರೆಯನ್ನು ನೇರವಾಗಿ ನಾಲಿಗೆಗೇ ಒತ್ತುವ ಸರಳ ಉಪಾಯ ಯಾವ ಸಮಿತಿಗೂ ಹೊಳೆದಿಲ್ಲ. ನಾನಂತೂ ಸಲಹೆ ಕೊಡುತ್ತಿಲ್ಲ. ಚಿನ್ನದ ಬೆಲೆ ನೋಡಿದರೆ ತಪ್ಪು ಮಾಡಲು ಜನ ಸಾಲುಗಟ್ಟುತ್ತಾರೆ.

ಕಟ್ಟಳೆ ಎಂದಾಕ್ಷಣ ಕೈಮುಗಿಯುವ ಜಾತಿಯವನಲ್ಲ ನಾನು. ಬಾಟಲಿಯನ್ನು ಹಟ್ಟಿಯಾಚೆ ಇಟ್ಟ ಈ ಸೀಮೆಯ ಕಟ್ಟುಗಳೇ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇಟ್ಟವು, ಚಳಿ ಮಳೆ ಎನ್ನದೆ. ಒಂದನ್ನು ಹೊಗಳುವಾಗ ಇನ್ನೊಂದನ್ನು ಮರೆತರೆ ಅದು ಸಂಶೋಧನೆಯಲ್ಲ, ಸನ್ಮಾನಪತ್ರ.

ಒಂದು ಬೀಗರೂಟದಲ್ಲಿ ನನಗೆ ಸಿಕ್ಕ ಯಜಮಾನರ ಮಾತು ಇಲ್ಲಿಗೆ ಸೇರಬೇಕು. ಚಳ್ಳಕೆರೆಯ ಛತ್ರ; ಎಲೆ ಮುಂದೆ ನಾನೂ ಅವರೂ ಅಕ್ಕಪಕ್ಕ. ಬಡಿಸುವ ಹುಡುಗ ತಟ್ಟೆ ತುಂಬ ಹುರಿದ ತುಂಡು ತಂದ.

“ಏನಪ್ಪ ಇದು?” ಎಂದರು.

“ಮಟನ್ ಯಜಮಾನ್ರೇ.”

“ಮಟನ್ ಸರಿ. ಯಾವ ಎಣ್ಣೇಲಿ ಹುರ್ದಿದೀರಿ? ಮೊದ್ಲು ಕೋಳಿ ಹಾಕಿದ್ ಎಣ್ಣೆನಾ?”

ಹುಡುಗನಿಗೆ ಗೊತ್ತಿರಲಿಲ್ಲ. ಯಜಮಾನರು ಎಲೆಗೆ ಕೈ ಅಡ್ಡ ಹಿಡಿದರು. ಮುದ್ದೆಯ ಮೇಲೆ ಸಾರು ಮಾತ್ರ ಹಾಕಿಸಿಕೊಂಡು ಉಂಡರು. ಅಡುಗೆಮನೆಯಲ್ಲಿ ಒಂದರ ಸೋಂಕು ಇನ್ನೊಂದಕ್ಕೆ ತಗಲಬಾರದೆಂದು ಕಾಯ್ದೆ ಹತ್ತಾರು ಪುಟ ಬರೆದಿದೆ. ಆ ಛತ್ರಕ್ಕೆ ಇನ್‌ಸ್ಪೆಕ್ಟರು ಬಂದದ್ದನ್ನು ಯಾರೂ ಕಂಡಿಲ್ಲ. ಈ ಯಜಮಾನರು ಬಂದದ್ದನ್ನು ನಾನೇ ಕಂಡೆ. ಎಲ್ಲ ಮನೆಯ ಎಲ್ಲ ಹುಡುಗರೂ ಈಗ ಹೀಗೇ ಇದ್ದಾರೆಯೇ ಎಂದು ಕೇಳಬೇಡಿ. ಅದು ಬೇರೆ ಪ್ರಬಂಧ, ಅದರಲ್ಲಿ ಹೈವೇ ಡಾಬಾಗಳ ಅಧ್ಯಾಯವೇ ದೊಡ್ಡದು.

ಕೈ ತೊಳೆದು ಹೊರಗೆ ಬಂದಾಗ ಅವರ ಮೊಮ್ಮಗ ಐದು ರೂಪಾಯಿಯ ಪ್ಯಾಕೆಟ್ ಕಚ್ಚಿ ಹರಿಯುತ್ತಿದ್ದ. ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರದ ‘ಚಿಕನ್’. ಮೂಲೆಯಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ. ಓದಿ ಹೇಳಿದೆ. ಯಜಮಾನರು ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದ್ರಾಗೆ ಕೋಳಿ ಐತಾ ಇಲ್ವಾ ಮೇಷ್ಟ್ರೇ?”

“ಇಲ್ಲ ಯಜಮಾನ್ರೇ.”

“ಮತ್ತೆ ಕೋಳಿ ಅಂತ ಯಾಕ್ ಬರ್ದಾರೆ?”

“ಬರೀ ರುಚಿಗೆ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕೋಳಿ ತಿಂದೋನ್ನ ಕಟ್ಟೆಮನೆಗೆ ಕರೀಬೌದು. ಕೋಳಿನೇ ಇಲ್ದೆ ಕೋಳಿ ತಿನ್ಸೋರ್ನ ಎಲ್ಲಿಗ್ ಕರಿಯೋದು?” ಎಂದು ಪ್ಯಾಕೆಟ್ಟನ್ನು ಮೊಮ್ಮಗನ ಕೈಗೇ ಕೊಟ್ಟರು. ಹುಡುಗ ಅಷ್ಟರಲ್ಲಿ ಅಳಲು ಶುರು ಮಾಡಿದ್ದ.

ಇದೇ ಪರಿಸರದ ದೇವರ ಎತ್ತುಗಳ ವಿಚಾರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಜೋಪಾನ ಮಾಡುತ್ತಾರೆ. ದುಡಿಮೆಯಿಲ್ಲದೆ ಉಣ್ಣುವ ಜೀವಕ್ಕೆ ಬೊಜ್ಜು ಬರಬೇಕೆಂಬುದು ವೈದ್ಯಶಾಸ್ತ್ರ, ನಾನೇ ಅದಕ್ಕೆ ನಿದರ್ಶನ. ಇವಕ್ಕೆ ಬಂದಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು, ಬರ ಬಂದ ವರ್ಷ ಮೇವಿಗೇ ತತ್ವಾರ. ಓಡಾಡಿ ಮೇಯಲು ಇದ್ದ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಖುದಾಪುರದ ಕಡೆ ವಿಜ್ಞಾನ ಸಂಸ್ಥೆಗಳಿಗೆ ಹೋಗಿ, ಸುತ್ತ ಗೋಡೆ ಎದ್ದಿದೆ. ಜನ ದನ ಕುರಿ ಎಲ್ಲರೂ ನಡೆಯುತ್ತಿದ್ದ ಜಾಗಕ್ಕೆ ಬೇಲಿ ಹಾಕಿ, ಆಮೇಲೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ ಎಂದು ಭಿತ್ತಿಪತ್ರ ಅಂಟಿಸುವುದು ನಮ್ಮ ಆಡಳಿತದ ಶೈಲಿ.

ವಿದೇಶ ಕಾಂಡ

ಡೆನ್ಮಾರ್ಕಿನವರು 2011ರ ಅಕ್ಟೋಬರಿನಲ್ಲಿ ಕೊಬ್ಬಿಗೇ ತೆರಿಗೆ ಹಾಕಿದರು. ಸಂತೃಪ್ತ ಕೊಬ್ಬು ಶೇ 2.3ಕ್ಕಿಂತ ಹೆಚ್ಚಿದ್ದ ಬೆಣ್ಣೆ, ಚೀಸು, ಮಾಂಸಕ್ಕೆಲ್ಲ ಬಿತ್ತು. ಜನ ಕಾರು ಹತ್ತಿ ಜರ್ಮನಿಗೆ ಹೋಗಿ ಬೆಣ್ಣೆ ಕೊಂಡು ಬಂದರು. 2013ರ ಜನವರಿಗೆ ತೆರಿಗೆ ಎತ್ತಿಬಿಟ್ಟರು. ಇದನ್ನು ಓದಿದಾಗ ನನಗೆ ಹೊಳೆದದ್ದು ಮೊಳಕಾಲ್ಮೂರು. ಕರ್ನಾಟಕ ನಾಳೆ ಮೆಣಸಿನಕಾಯಿ ಬಜ್ಜಿಗೆ ಸುಂಕ ಹಾಕಿದರೆ ಇಲ್ಲಿಯವರು ಗಡಿಯಾಚೆಯ ರಾಯದುರ್ಗಕ್ಕೆ ಹೋಗಿ ತಿಂದು ಬರುತ್ತಾರೆ. ಸೈಕಲ್ಲಿನಲ್ಲಿ ಹೋದರೆ ಆರೋಗ್ಯ, ಬೈಕಿನಲ್ಲಿ ಹೋದರೆ ರಾಜಸ್ವ ನಷ್ಟ.

ಕೇರಳ 2016ರಲ್ಲಿ ಬ್ರ್ಯಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಕ್ಕೆ ಶೇ 14.5 ಕೊಬ್ಬು ತೆರಿಗೆ ವಿಧಿಸಿತು. ಪರೋಟಕ್ಕೆ ಹಾಕಲಿಲ್ಲ, ಕೇರಳದಲ್ಲಿ ಪರೋಟಕ್ಕೆ ತೆರಿಗೆ ಹಾಕಿ ಉಳಿಯಬಲ್ಲ ಸರ್ಕಾರ ಇನ್ನೂ ಹುಟ್ಟಿಲ್ಲ. ಮರುವರ್ಷ ಜಿಎಸ್‌ಟಿ ಬಂದು ಆ ತೆರಿಗೆಯನ್ನೇ ನುಂಗಿತು. ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ದೊಡ್ಡ ಲೋಟದ ಸೋಡಾ ನಿಷೇಧಿಸ ಹೋಗಿ ಕೋರ್ಟಿನಲ್ಲಿ ಸೋತರು. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿ, ಇಂದಿಗೂ ಆ ತೆರಿಗೆಯನ್ನು ವಸೂಲಿ ಮಾಡುತ್ತಿದೆ. ವಿದೇಶದ ಮಾತು ಇಷ್ಟು ಸಾಕು.

ಸ್ವದೇಶ ಕಾಂಡ, ಅಥವಾ ಹತ್ತರ ಮಹಿಮೆ

2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ, ಬೊಜ್ಜು ಹೆಚ್ಚುತ್ತಿದೆ, ಅಡುಗೆ ಎಣ್ಣೆಯನ್ನು ಶೇ 10 ಕಡಿಮೆ ಮಾಡಿ ಎಂದು ಕೇಳಿಕೊಂಡರು. ಹತ್ತು ಮಂದಿಗೆ ಸವಾಲು ಕೊಟ್ಟರು. ಆ ಹತ್ತು ಮಂದಿ ಮತ್ತೆ ಹತ್ತು ಹತ್ತು ಮಂದಿಗೆ ಕೊಡಬೇಕು. ಮಾತು ಒಳ್ಳೆಯದೇ. ಅದೇ ವರ್ಷ ಮೇ 30ರಂದು ಕೇಂದ್ರ ಸರ್ಕಾರ ಹೊರದೇಶದಿಂದ ಬರುವ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿತು. ಎಣ್ಣೆಯಲ್ಲಿ ಹತ್ತು ಕಡಿಮೆ, ಸುಂಕದಲ್ಲೂ ಹತ್ತು ಕಡಿಮೆ. ಹತ್ತನ್ನು ಇಷ್ಟು ಸಮಾನ ಭಾವದಿಂದ ಕಂಡ ಆಡಳಿತ ಹಿಂದೆ ಇರಲಿಲ್ಲ.

ಇದನ್ನು ಚಳ್ಳಕೆರೆಯಲ್ಲಿ ನಿಂತು ಓದಬೇಕು. ಇದು ಎಣ್ಣೆಯ ಊರು. ಒಂದು ಕಾಲಕ್ಕೆ ಮುಂಬೈ ಬಿಟ್ಟರೆ ನಾವೇ ಎಂದು ಇಲ್ಲಿಯ ವರ್ತಕರು ಎದೆ ತಟ್ಟಿಕೊಳ್ಳುತ್ತಿದ್ದರು. ಸುತ್ತಲ ಕೆಂಪು ಮಸಾರಿ ಹೊಲಗಳ ಶೇಂಗಾ ಇಲ್ಲಿಗೆ ಬಂದು ಎಣ್ಣೆಯಾಗುತ್ತಿತ್ತು. ಊರೊಳಗೆ ಕಾಲಿಟ್ಟರೆ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಈಗ ಎಷ್ಟೋ ಮಿಲ್ಲುಗಳ ಗೇಟಿಗೆ ಬೀಗ. ಅಂಗಡಿಯಲ್ಲಿ ತಾಳೆ ಎಣ್ಣೆಯ ಪ್ಯಾಕೆಟ್ಟು, ಹಡಗಿನಲ್ಲಿ ಬಂದದ್ದು. ಶೇಂಗಾ ಬೆಳೆದವನ ಮನೆಯ ಒಗ್ಗರಣೆಯೂ ಅದರಲ್ಲೇ. ಈ ಊರಿನವರಿಗೆ ಎಣ್ಣೆ ಕಡಿಮೆ ತಿನ್ನಿ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ತಮ್ಮ ಎಣ್ಣೆಯನ್ನು ಬಿಟ್ಟು ವರ್ಷಗಳಾದವು.

2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಇನ್ನೂ ರಸವತ್ತಾದ ಪಠ್ಯ. ತಂಪು ಪಾನೀಯಕ್ಕೆ ಶೇ 40, ‘ಪಾಪದ ತೆರಿಗೆ’ ಎಂದು ಪತ್ರಿಕೆಗಳು ಬರೆದವು. ಮೊದಲು ಎಷ್ಟಿತ್ತು? ತೆರಿಗೆ 28, ಸೆಸ್ 12, ಕೂಡಿದರೆ 40. ಪಾಪ ಇದ್ದಲ್ಲೇ ಇತ್ತು, ಹೆಸರು ಮಾತ್ರ ಬಂತು. ಅದೇ ದಿನ ಬಿಸ್ಕತ್ತು, ಚಾಕಲೇಟು, ಐಸ್‌ಕ್ರೀಮು 18ರಿಂದ 5ಕ್ಕೆ ಇಳಿದವು. ಅದಕ್ಕೂ ಮೊದಲು, 2024ರ ಡಿಸೆಂಬರಿನಲ್ಲಿ, ಪಾಪ್‌ಕಾರ್ನಿನ ಬಗ್ಗೆ ಕೌನ್ಸಿಲ್ಲು ಕೊಟ್ಟ ವ್ಯಾಖ್ಯಾನವನ್ನು ಯಾವ ಮೀಮಾಂಸಕನೂ ಮೆಚ್ಚಬೇಕು: ಉಪ್ಪು ಖಾರ ಹಾಕಿದ ಬಿಡಿ ಪಾಪ್‌ಕಾರ್ನಿಗೆ 5, ಅದನ್ನೇ ಪ್ಯಾಕ್ ಮಾಡಿ ಹೆಸರು ಹಚ್ಚಿದರೆ 12, ಸಕ್ಕರೆಪಾಕ ಸವರಿದರೆ 18. ಇದೇ ನ್ಯಾಯ ನಮ್ಮ ಮಂಡಕ್ಕಿಗೆ ಬಂದರೆ ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ಬೆಲ್ಲದ ಮಂಡಕ್ಕಿ ಉಂಡೆಗಳಿಗೆ ಮೂರು ದರ. ಉಂಡೆ ಒಡೆದು ಪುಡಿಯಾದರೆ ಯಾವ ದರ ಎಂಬುದಕ್ಕೆ ಹೈಕೋರ್ಟಿನ ಪೂರ್ಣಪೀಠ ಕೂರಬೇಕಾಗುತ್ತದೆ.

ರಾಜ್ಯ ಸರ್ಕಾರವೂ ಸುಮ್ಮನಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣ ನಿಷೇಧವಾಯಿತು, ಬಾಂಬೆ ಮಿಠಾಯಿಯದೂ. ರೊಡಮಿನ್-ಬಿ ಎಂಬ ಬಟ್ಟೆಯ ಬಣ್ಣ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ನಿಷೇಧಿಸಿದ್ದು ಸರಿ, ಇದರಲ್ಲಿ ನನ್ನ ತಕರಾರಿಲ್ಲ. ಜೂನಿನಲ್ಲಿ ಕಬಾಬಿನ ಸರದಿ. ಕೆಲವು ದಿನ ಗಾಡಿಗಳಲ್ಲಿ ಗೋಬಿ ಬಿಳಿಚಿಕೊಂಡು, ಆಸ್ಪತ್ರೆಯಿಂದ ಬಂದಂತೆ ಕಂಡಿತು. ಆದರೆ ಬಾಣಲೆಯ ಕಪ್ಪು ಎಣ್ಣೆ ಹಾಗೇ ಕುದಿಯುತ್ತಿತ್ತು. ಗಾಡಿಯವನೊಬ್ಬ ನನಗೇ ಹೇಳಿದ, “ಸಾರ್, ಬಣ್ಣ ಹಾಕ್ಬ್ಯಾಡ ಅಂದ್ರು, ಹಾಕ್ತಿಲ್ಲ. ಕಲರ್ ಇಲ್ಲ ಅಂತ ಜನ ಎರಡ್ ಪ್ಲೇಟ್ ತಿಂತಾರೆ, ಒಳ್ಳೇದಂತೆ.” ಕಾಯ್ದೆ ಕೆಂಪನ್ನು ತೆಗೆಯಿತು, ಒಂದು ಪ್ಲೇಟನ್ನು ಸೇರಿಸಿತು.

ಸೂತ್ರರೂಪದಲ್ಲಿ ಕ್ಯಾಲೊರಿ ಸಿದ್ಧಾಂತವನ್ನು ಬರೆದವರು ಚಳ್ಳಕೆರೆ ತಾಲ್ಲೂಕಿನವರೇ ಎಂಬುದನ್ನು ಪೋಷಣಾಶಾಸ್ತ್ರದ ಗ್ರಂಥಗಳು ದಾಖಲಿಸಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ಹೇಳಿದರೆಂಬ ಮಾತು, “ಮಾಡಿದಷ್ಟು ನೀಡು ಭಿಕ್ಷೆ.” ದುಡಿದಷ್ಟು ಉಣ್ಣು, ಒಳಗೆ ಹೋಗುವುದು ಹೊರಗೆ ಖರ್ಚಾಗುವುದಕ್ಕೆ ಸಮ. ಅವರ ಜಾತ್ರೆಯಲ್ಲಿ ಭಕ್ತರು ರಾಶಿ ರಾಶಿ ಒಣಕೊಬ್ಬರಿ ಸುಡುತ್ತಾರೆ. ಕೊಬ್ಬರಿಯಲ್ಲಿ ಕೊಬ್ಬು ಅಡಗಿದೆಯೆಂದು ಬಿಡಿಸಿ ಹೇಳಬೇಕೇ? ಕೊಬ್ಬು ಕರಗಿಸುವ ಸಾಮೂಹಿಕ ಕಾರ್ಯಕ್ರಮವೊಂದು ಶತಮಾನಗಳಿಂದ ಸರ್ಕಾರದ ಅನುದಾನವಿಲ್ಲದೆ ನಡೆದುಬಂದಿದೆ.

ಇಷ್ಟೆಲ್ಲ ತಮಾಷೆಯ ನಡುವೆ ಒಂದು ಅಂಕಿಯನ್ನು ತಮಾಷೆ ಮಾಡಲು ನನಗೆ ಬರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇ 24ರಷ್ಟು ಮಂದಿಗೆ ತೂಕ ಹೆಚ್ಚು, ಶೇ 18.7ರಷ್ಟು ಮಂದಿಗೆ ಇರಬೇಕಾದದ್ದಕ್ಕಿಂತ ಕಡಿಮೆ. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಇಬ್ಬರೂ ಕೂತಿದ್ದಾರೆ. ಇಬ್ಬರ ಮಡಿಲಲ್ಲೂ ಅದೇ ಐದು ರೂಪಾಯಿಯ ಪ್ಯಾಕೆಟ್. ನವಣೆ, ಸಾಮೆ, ಹುರುಳಿ ಉಂಡು ಬೆಳೆದ ಸೀಮೆಯಲ್ಲಿ ಈಗ ಹಸಿವೂ ಬೊಜ್ಜೂ ಒಂದೇ ಅಂಗಡಿಯಲ್ಲಿ ಖಾತೆ ತೆರೆದಿವೆ.

ಕ್ಷೇತ್ರಕಾರ್ಯ

2020ರ ಎಫ್‌ಎಸ್‌ಎಸ್‌ಎಐ ನಿಯಮ ಹೇಳುವುದು ಇಷ್ಟು: ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗೂ, ಶಾಲೆಯ ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ. ಇದನ್ನು ಪರೀಕ್ಷಿಸಲು ನನ್ನಿವಾಳದ ದಾರಿಯಲ್ಲಿ ಒಂದು ಹಳ್ಳಿಗೆ ಇಳಿದೆ. ಹೆಸರು ಬೇಡ. ಉದ್ದದ ಟೇಪು ಯಾರ ಬಳಿಯೂ ಇರಲಿಲ್ಲ. ಟೈಲರನ ಒಂದೂವರೆ ಮೀಟರಿನ ಟೇಪು ಸಿಕ್ಕಿತು, ಸೊಂಟ ಅಳೆಯುವಂಥದ್ದು. ಒಂದು ತುದಿ ಅಲ್ಲಿಯ ಶಾಲೆಯ ಮೇಷ್ಟರು, ಒಂದು ತುದಿ ನಾನು. ಪ್ರತಿ ಒಂದೂವರೆ ಮೀಟರಿಗೊಮ್ಮೆ ಬಗ್ಗಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎದ್ದು, ಮತ್ತೆ ಬಗ್ಗಿ ಹೋದೆವು. ಹಿಂದಿನಿಂದ ನಾಲ್ಕನೇ ಕ್ಲಾಸು ಪೂರ್ತಿ, ಮೆರವಣಿಗೆಯಂತೆ.

ಗೇಟಿನಿಂದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಸರಿಯಾಗಿ 48 ಮೀಟರ್. ಅಪರಾಧ ಸಾಬೀತಾಯಿತೆಂದು ನಾನು ಬೆವರೊರೆಸಿಕೊಳ್ಳುವಷ್ಟರಲ್ಲಿ ಅಂಗಡಿಯ ಹೆಂಗಸು ಹೊರಗೆ ಬಂದಳು.

“ಗಲ್ಲಕ್ಕೆ ಯಾಕ್ ಅಳೀತೀರಿ ಸಾರ್? ಸರಕ್ಕೆ ಅಳೀರಿ.”

“ಯಾವ ಸರ ಅಕ್ಕ?”

ತೋರಿಸಿದಳು. ಅಂಗಡಿಯ ಆಚೆ ಬದಿಗೆ ಒಂದು ಕಂಬ ನೆಟ್ಟು, ಅದಕ್ಕೆ ಪ್ಯಾಕೆಟ್ಟುಗಳ ಸರಗಳನ್ನು ಮದುವೆ ಮನೆಯ ತೋರಣದ ಹಾಗೆ ಇಳಿಬಿಟ್ಟಿದ್ದಳು. ಅಳೆದೆವು. 52. ಯಾರೋ ಬಂದು ಐವತ್ತು ಮೀಟರ್ ಎಂದು ಹೇಳಿ ಹೋಗಿದ್ದರಂತೆ. ಅವತ್ತೇ ಕಂಬ ನೆಡಿಸಿದಳಂತೆ. ಗಲ್ಲಾಪೆಟ್ಟಿಗೆಯ ಮೇಲೆ ಗಾಜಿನ ಡಬ್ಬಿಯಲ್ಲಿ ಕಡ್ಲೆಮಿಠಾಯಿ ಇತ್ತು, ಮೇಲಿನ ಪದರ ಬೆವೆತು ಒಂದಕ್ಕೊಂದು ಅಂಟಿಕೊಂಡಿತ್ತು. ಇದು ಹೋಗಲ್ವಾ ಎಂದು ಕೇಳಿದೆ. “ಮಿಣಮಿಣ ಕಾಗ್ದ ಇಲ್ವಲ್ಲ ಸಾರ್,” ಎಂದಳು.

ಅಷ್ಟರಲ್ಲಿ ಬಿಡುವಿನ ಗಂಟೆ ಹೊಡೆಯಿತು. ನಾನೂ ಮೇಷ್ಟರೂ ಗೇಟಿನ ಕಡೆ ನೋಡುತ್ತ ನಿಂತೆವು. ಗೇಟಿನಿಂದ ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಸರದ ಕೆಳಗೆ ಮಕ್ಕಳ ಜಾತ್ರೆ. ಶೌಚಾಲಯದ ಹಿಂದೆ ಕಾಂಪೌಂಡ್ ಗೋಡೆ ಒಂದು ಕಡೆ ಕುಸಿದು ಸಂದಾಗಿದೆ. ಅಲ್ಲಿಂದ ಕಂಬಕ್ಕೆ 11 ಮೀಟರ್, ಟೇಪು ಏಳು ಸಲ ಬಿಚ್ಚಿದ ಮೇಲೆ ಇನ್ನೂ ಎರಡು ಗೇಣು. ನಿಯಮದಲ್ಲಿ ಗೇಟು ಎಂದಿದೆ, ಸಂದು ಎಂದಿಲ್ಲ. ಗೋಡೆಯ ರಿಪೇರಿಗೆ ಎಸ್ಟಿಮೇಟ್ ಕಳಿಸಿದೆಯೆಂದು ಮೇಷ್ಟರು ಹೇಳಿದರು.

ಮಕ್ಕಳ ಹಿಂದೆಯೇ ಒಳಗೆ ಹೋಗೋಣವೆಂದು ನಾನೂ ಆ ಸಂದಿಗೆ ಮೈಯೊಡ್ಡಿದೆ. ಭುಜ ಹೋಯಿತು, ಹೊಟ್ಟೆ ನಿಂತಿತು. ಜಪಾನಿನವನಾಗಿದ್ದರೆ ಸಲೀಸಾಗಿ ತೂರುತ್ತಿದ್ದ. ನಾಲ್ಕನೇ ಕ್ಲಾಸಿನ ಇಬ್ಬರು ಹುಡುಗರು ಪ್ಯಾಕೆಟ್ಟನ್ನು ಬಾಯಲ್ಲಿ ಕಚ್ಚಿಕೊಂಡು ನನ್ನ ಎರಡು ಕೈ ಹಿಡಿದು ಹಿಂದಕ್ಕೆ ಎಳೆದರು. ಅಂಗಿಯ ಗುಂಡಿಯೊಂದು ಗೋಡೆಯಲ್ಲೇ ಉಳಿಯಿತು.

ಕಾಯ್ದಿರಿಸಿದ್ದ ಪ್ರಯೋಜನವನ್ನು ಈಗ ಹೇಳಬಹುದು. ನಾನು ಕಂಬದಿಂದ ಹೊರಟು ಗೇಟಿನ ಕಡೆಯಿಂದಲೇ ಸುತ್ತಿ ಶಾಲೆಯೊಳಗೆ ಹೋದೆ. ಕಾನೂನು ಹೇಳಿದ ಐವತ್ತು ಮೀಟರನ್ನು ಅವತ್ತು ಪೂರ್ತಿ ನಡೆದವನು ಆ ಊರಿನಲ್ಲಿ ನಾನೊಬ್ಬನೇ.